ಬೀರುವಿನೊಳಗಿನ ವೈಫೈ

ಗೆಳೆಯರೇ, ಇವತ್ತು ಪುಣೆಯ ಕಾಲೇಜಿನವರು ತಂಗಿಯನ್ನು ಕೆಲಸಕ್ಕಾಗಿ ವಿಡಿಯೋದಲ್ಲಿ ಸಂದರ್ಶಿಸುವವರಿದ್ದರು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು. ಇನ್ನೇನು ಕರೆ ಬರಬೇಕು, ಅವಳ ಕೋಣೆಯಲ್ಲಿ ವೈಫೈ ಇಲ್ಲ. ನೋಡಿದರೆ, ಅಪ್ಪ ಹೊಸ ರೌಟರನ್ನು ಹಜಾರದ ಕಬ್ಬಿಣದ ಬೀರುವಿನೊಳಗಿಟ್ಟು ಬೀಗ ಹಾಕಿದ್ದಾರೆ. ವೈರುಗಳಿಗಾಗಿ ಬೀರುವಿನ ಬೆನ್ನಿಗೆ ತೂತನ್ನೂ ಕೊರೆದಿದ್ದಾರೆ. ಹಿಂದೆ ಫೋನಿನ ಡಯಲ್ಲಿಗೂ ಬೀಗ ಹಾಕುತ್ತಿದ್ದವರು ಅವರು.

ಬಿಳಿಗೆರೆಗೆ ಹೋಗಿದ್ದ ಅಪ್ಪನಿಗೆ ಫೋನ್ ಮಾಡಿದೆ.

"ಅಕ್ಕಪಕ್ಕದೋರು ಗೋಡೆ ಆಚೆಯಿಂದ್ಲೇ ನೆಟ್ಟು ಎಳ್ಕತಾರಂತೆ ಕಣ್ಲಾ. ಅದ್ಕೇ ಬೀಗ ಹಾಕಿವ್ನಿ."

"ಬೀಗದ ಕೈ ಎಲ್ಲಪ್ಪಾ?"

"ನನ್ ಉಡ್ದಾರದಲ್ಲೇ ಅದೆ. ಯಾಕೆ?"

ಬೀರುವಿನ ತೂತಿನಿಂದ ಹಜಾರದ ಕಂಪ್ಯೂಟರಿಗೆ ಬಂದಿದ್ದ ವೈರು ಕಿತ್ತು ಅವಳ ಲ್ಯಾಪ್‌ಟಾಪಿಗೆ ಚುಚ್ಚಿದೆ. ನೆಟ್ ಬಂತು, ಆದರೆ ವೈರು ಗಿಡ್ಡ. ತಂಗಿ ಇಸ್ತ್ರಿ ಮಾಡಿದ ಸೀರೆಯಲ್ಲಿ ನೆಲಕ್ಕೆ ಕೂತು, ಬೀರುವಿಗೊರಗಿ ಉತ್ತರ ಹೇಳಿದಳು. ಕೊನೆಯಲ್ಲಿ ಅವರು, ಮುಂದಿನ ತಿಂಗಳು ಬಂದು ಸೇರಿ ಎಂದರು.

ಸಂಜೆ ಬಂದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ನೋಡ್ದಾ? ನೆಟ್ಟು ಈಚೆಗೆ ಮಡುಗಿದ್ರೆ ಆ ಕೆಲ್ಸ ಪಕ್ಕದ್ಮನೆ ಹೈದುಂಗೆ ಸಿಗೋದು."

ಇದನ್ನೂ ಬೀರುವಿನ ಪಕ್ಕ ನೆಲದ ಮೇಲೆ ಕೂತೇ ಬರೆಯುತ್ತಿದ್ದೇನೆ.