ಮಂಜವ್ವ ಇನ್ನೂ ಟ್ರೇನಿ

ದುಂಡಸಿಯಲ್ಲಿ ಇನ್ನೂ ನಸುಕು. ಶಿಗ್ಗಾವಿಯ ಕಡೆ ಹೊರಟ ಟೆಂಪೊದೊಳಗೆ ಹೆಣ್ಣುಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದಾರೆ. ನಡುವಿನ ಸೀಟಿನಲ್ಲಿ ಮಂಜವ್ವ ಪಕ್ಕದ ಹೇಮಾಳ ಸೆರಗಿನ ಅಂಚನ್ನು ತೊಡೆಯ ಮೇಲೆ ಹರವಿ, ಇಲ್ಲದ ಸೂಜಿಯ ಕೆಳಗೆ ಸರಿಸುತ್ತಿದ್ದಾರೆ.

"ಬಟ್ಟಿ ಎಳೀಬ್ಯಾಡ ತಂಗಿ. ಮಷಿನ್ನ ಅದನ್ನ ಒಯ್ತೈತಿ. ನೀ ಬರೇ ದಾರಿ ತೋರಸು."

"ತಿರುವಿನ್ಯಾಗ ಕೈ ನಡಗತೈತಿ ಅಕ್ಕಾ."

"ನಡಗ್ಲಿ. ಮದ್ಲ ಪೆಡಲ್ ಮ್ಯಾಲಿನ ಕಾಲ ತಗಿ. ಮಷಿನ್ ಸುಮ್ಮನಾದ ಮ್ಯಾಲ ಬಟ್ಟಿ ತಿರುವು."

ಹೇಮಾ ಸಿದ್ಧ ಉಡುಪಿನ ಕಾರ್ಖಾನೆ ಸೇರಿ ಹೆಚ್ಚು ದಿನವಾಗಿಲ್ಲ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಾರೆ. ಅಲ್ಲಿ ಹೊಲಿಗೆ ಕಲಿಸುವವರು ಯಾರು ಎಂದರೆ ನಕ್ಕು ಮಂಜವ್ವನ ಕಡೆ ಬೆರಳು ತೋರುತ್ತಾರೆ. ವಿಚಿತ್ರವೆಂದರೆ, ಮಂಜವ್ವನ ಕೊರಳಲ್ಲಿ ತೂಗುವ ಗುರುತಿನ ಕಾರ್ಡಿನಲ್ಲೂ 'ಟ್ರೇನಿ' ಎಂದೇ ಇದೆ.

ಹೆದ್ದಾರಿ ಬದಿಯ ಆ ಕಾರ್ಖಾನೆಯ ಗೇಟಿನ ಮೇಲೆ 'ಸ್ಥಳೀಯರಿಗೆ ಉದ್ಯೋಗ' ಎಂಬ ದೊಡ್ಡ ಬೋರ್ಡಿದೆ. ಸುತ್ತಲಿನ ಊರವರನ್ನು ಹೊಸದಾಗಿ ಕೆಲಸಕ್ಕೆ ತೆಗೆದುಕೊಂಡರೆ, ತರಬೇತಿ ಮುಗಿಯುವವರೆಗೆ ಅವರ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತದೆ. ಯೋಜನೆ ಒಳ್ಳೆಯದೇ. ಆದರೆ ಸಹಾಯಧನ ಬರುವುದು ಹೊಸಬರ ಹೆಸರಿಗೆ ಮಾತ್ರ ಎಂದಮೇಲೆ ಹಳಬರು ಯಾರಿಗೆ ಬೇಕು?

ಮಂಜವ್ವ ಹೊಲಿಗೆ ಕಲಿತದ್ದು ನಾದಿನಿಯ ಕಾಲುಮಷಿನ್ನಿನ ಮೇಲೆ. ಊರಿನ ಕುಪ್ಪಸ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಗಂಡ ಉಳಿವೆಪ್ಪ ಶಿಗ್ಗಾವಿ ಮಾರುಕಟ್ಟೆಯಲ್ಲಿ ಹಮಾಲಿ. ಬೆನ್ನು ನೋವು ಶುರುವಾದ ಮೇಲೆ ಅವರಿಗೆ ದಿನವೂ ಕೆಲಸವಿಲ್ಲ. ಕಾರ್ಖಾನೆ ತೆರೆದ ವರ್ಷ, ಅಂದರೆ ನಾಲ್ಕು ವರ್ಷದ ಹಿಂದೆ, ಮಂಜವ್ವ ಸೇರಿದರು. ಅಂಗಿಯ ಕಾಲರ್ ಹೊಲಿಯುವುದು ಅವರ ಕೆಲಸ. ಸಾಲಿನಲ್ಲಿ ಎಲ್ಲರಿಗೂ ಕೊಡದ ಕೆಲಸ ಅದು.

"ಟ್ರೇನಿಂಗ್ ಮುಗೀತು, ಕೆಲಸಾ ಕಡಿಮಿ ಐತಿ, ಒಂದಿಷ್ಟು ದಿನಾ ಮನ್ಯಾಗ ಇರ್ರಿ ಅಂದ್ರು. ಆಮ್ಯಾಲ ಕರದ್ರು. ಬ್ಯಾರೆ ಗುತ್ತಿಗೆದಾರ, ಹೊಸಾ ಕಾರ್ಡು, ಮತ್ತ ಕಲಿಯೋರ ಸಂಬಳ" ಎನ್ನುತ್ತಾರೆ. ಮುಂದೆ ಇನ್ನೊಮ್ಮೆ ಹಾಗೆಯೇ ಆಯಿತು. ಪ್ರತಿ ಸಲವೂ ಹಿಂದಿನ ಸೇವೆ ಸೊನ್ನೆ. ಒಬ್ಬರೇ ಮಂಜವ್ವ. ಲೆಕ್ಕದಲ್ಲಿ ಊರಿನ ಮೂವರಿಗೆ ಉದ್ಯೋಗ ಸಿಕ್ಕಿದಂತೆ ಆಗಿರಬಹುದು. ಪತ್ರಿಕೆಯ ಪರವಾಗಿ ನಾವು ಗೇಟಿನ ಹೊರಗಿನ ಕಚೇರಿಯಲ್ಲಿ ಕಾರ್ಖಾನೆಯವರನ್ನು ಕೇಳಿದರೆ ಅದು ಗುತ್ತಿಗೆದಾರರ ವಿಷಯ ಎಂದು ಚಹಾ ತರಿಸಿದರು. ಗುತ್ತಿಗೆದಾರರು ಫೋನ್ ಎತ್ತಲಿಲ್ಲ. ಒಳಗೆ ಹೋಗಿ ನೋಡುತ್ತೇವೆಂದರೆ ಗೇಟು ತೆರೆಯಲಿಲ್ಲ.

ಹೋದ ತಿಂಗಳು ಸಹಾಯಧನದ ತಪಾಸಣೆಗೆ ಸರ್ಕಾರಿ ಅಧಿಕಾರಿಯೊಬ್ಬರು ಬರುವವರಿದ್ದರು. ಬೆಳಿಗ್ಗೆಯೇ ಸೂಪರ್‌ವೈಸರ್ ಲೋಹಿತ ಸಾಲಿನ ಮುಂದೆ ಬಂದು ನಿಂತನಂತೆ.

"ಅಕ್ಕಾರ, ಇವತ್ತೊಂದಿನ ಸ್ವಲ್ಪ ಸೊಟ್ಟ ಹೊಲೀರಿ. ಹೊಸಬರಂಗ ಕಾಣಬೇಕು."

ಪಕ್ಕದ ಮಷಿನ್ನಿನ ಕುಲಸುಮಬಿ ಸುಮ್ಮನಿರಲಿಲ್ಲ. "ಸೊಟ್ಟ ಹೊಲಿಯಾಕ ನಮಗೆಲ್ಲಿ ಬರತೈತೋ ತಮ್ಮಾ? ಮದ್ಲ ಅದರ ಟ್ರೇನಿಂಗ್ ಕೊಡು."

ಎಲ್ಲರೂ ನಕ್ಕರು, ಹೇಳಿದಂತೆ ಸೊಟ್ಟ ಹೊಲಿದರು. ಮಂಜವ್ವನೂ ಹೊಲಿದರು. ಆದರೆ ಅಂಚು ಮುಟ್ಟಿದಾಗ ಕೈ ತಾನಾಗಿಯೇ ಎರಡು ಹೊಲಿಗೆ ಹಿಂದಕ್ಕೆ ಹಾಕಿ, ದಾರ ಬಿಚ್ಚದಂತೆ ಗಟ್ಟಿ ಮಾಡಿ, ಕತ್ತರಿಸಿಬಿಟ್ಟಿತು. ಹೊಸಬರು ಮೊದಲು ಮರೆಯುವುದೇ ಅದನ್ನು. ಅಧಿಕಾರಿ ಆ ತುಂಡನ್ನೆತ್ತಿ ಜಗ್ಗಿ ನೋಡಿದರು.

"ಯಾವಾಗ ಸೇರಿದ್ದು?"

"ಹೋದ ವಾರ ಮೇಡಂ" ಎಂದು ಲೋಹಿತ ಹೇಳಿದ.

"ಅವರನ್ನು ಕೇಳಿದೆ."

ಹೌದೆಂದರೆ ನಾಲ್ಕು ವರ್ಷ ಹೋಯಿತು. ಅಲ್ಲವೆಂದರೆ ಕೆಲಸವೇ ಹೋಗಬಹುದು. "ಮಷಿನ್ ಬಿಟ್ಟು ಎದ್ದು ನಿಂತೆರಿ" ಎಂದು ಮಂಜವ್ವ ನೆನೆಯುತ್ತಾರೆ. "ನಾಕ ವರ್ಷ ಆತ್ರಿ ಮೇಡಂ, ನಡುವ ತಗದು ತಗದು ಮತ್ತ ಕೆಲಸಕ್ಕ ಹಚ್ಚಿಕೊಂಡಾರ ಅಂದೆ. ಅಷ್ಟ ಅಂದೆ."

ಅಧಿಕಾರಿ ಏನನ್ನೋ ಬರೆದುಕೊಂಡು ಹೋದರು. ಆಮೇಲೆ ಸುದ್ದಿಯಿಲ್ಲ. ಅವರ ಕಚೇರಿಯಲ್ಲಿ ವಿಚಾರಿಸಿದರೆ 'ಪರಿಶೀಲನೆಯಲ್ಲಿದೆ' ಎನ್ನುತ್ತಾರೆ. ಆದರೆ ಕಾರ್ಖಾನೆಯಲ್ಲಿ ಕೆಲಸ ಬೇಗನೆ ನಡೆದಿದೆ. ಕಾಲರ್ ಹೊಲಿಯುತ್ತಿದ್ದ ಮಂಜವ್ವನನ್ನು ಮರುದಿನವೇ ಮೂಲೆಯಲ್ಲಿ ದಾರ ಕತ್ತರಿಸಲು ಕೂಡಿಸಿದ್ದಾರೆ. ಮುಂದಿನ ವಾರ ಮೂರನೆಯ ತರಬೇತಿಯೂ ಮುಗಿಯುತ್ತದೆ.

"ಈ ಸಲ ಮನ್ಯಾಗ ಇರು ಅಂದ್ರ ಇರೂದಿಲ್ಲ. ಟೆಂಪೊ ಹತ್ತಿ ಬಂದು ಗೇಟಿನ ಮುಂದ ಕುಂದ್ರತೇನಿ. ಕುಲಸುಮಬಿನೂ ಬರ್ತೇನಿ ಅಂದಾಳ. ದೊಡ್ಡ ಸಂಬಳ ಕೇಳೂದಿಲ್ಲ. ನಾ ಸೇರಿದ ದಿನಾನ ಸೇರಿದ ದಿನಾ ಅಂತ ಬರೀಲಿ, ಸಾಕು."

ಇದೆಲ್ಲ ಅಚ್ಚಾದರೆ ತೊಂದರೆಯಾದೀತು, ಬೇರೆ ಹೆಸರು ಹಾಕೋಣವೇ ಎಂದು ಕೇಳಿದರೆ, ಟೆಂಪೊ ಇಳಿಯುತ್ತಿದ್ದ ಮಂಜವ್ವ ತಿರುಗಿ ನೋಡುತ್ತಾರೆ.

"ಬ್ಯಾಡ್ರಿ. ಮೂರು ಸಲ ಹೊಸಾಕಿ ಆಗೇನಿ. ಹೆಸರರ ಹಳೇದ ಇರಲಿ."