ಸೊನ್ನೆ ಬರೆಯಲು ಅಂಜುವ ಪೇಂಟರ್

ಬೆಳಗಿನ ಆರು ಗಂಟೆ. ಜನವರಿಯ ಚಳಿಗೆ ಪೊಲೀಸ್ ಠಾಣೆಯ ಪಡಸಾಲೆಯ ಫರ್ಸಿಕಲ್ಲು ಕಾಲಿಗೆ ಕೊರೆಯುತ್ತಿದೆ. ರಾತ್ರಿ ಪಾಳಿಯ ಪೇದೆ ಮಫ್ಲರ್ ಸುತ್ತಿಕೊಂಡು ಬೆಂಚಿನ ಮೇಲೆ ಚಹಾದ ಹಾದಿ ಕಾಯುತ್ತಿದ್ದಾರೆ. ಗೋಡೆಗೆ ಒರಗಿಸಿಟ್ಟ ಆಳೆತ್ತರದ ಹಲಗೆಗೆ ನಿನ್ನೆ ಸಂಜೆಯೇ ಕರಿ ಬಣ್ಣ ಬಳಿದಾಗಿದೆ. ಅದರ ಮುಂದೆ ಸ್ಟೂಲಿನ ಮೇಲೆ ಕುಳಿತು, ಎಡಗೈಯಲ್ಲಿ ಹಿಡಿದ ಕೋಲಿನ ಮೇಲೆ ಬಲಗೈ ಊರಿ, ಸಣ್ಣ ಬ್ರಶ್ಶಿನಿಂದ ಅಂಕಿ ಬರೆಯುತ್ತಿರುವವರು ಪೇಂಟರ್ ನಿಜಾಮಸಾಬ. ಕೊಲೆ ಮೂರು. ಸುಲಿಗೆ ನಾಲ್ಕು. ಹಗಲು ಕನ್ನ ಆರು. ರಾತ್ರಿ ಕನ್ನ ಹದಿನಾಲ್ಕು. ಕೊಲೆಯ ಅಂಕಿಗೆ ಮಾತ್ರ ಕೆಂಪು ಬಣ್ಣ, ಮಿಕ್ಕವಕ್ಕೆಲ್ಲ ಬಿಳಿ.

ಠಾಣೆಯ ಮೆಟ್ಟಿಲು ಹತ್ತಿದವರೆಲ್ಲ ಈ ಹಲಗೆಯನ್ನು ನೋಡಿರುತ್ತಾರೆ, ಓದಿರುವುದಿಲ್ಲ. ಅಲ್ಲಿಗೆ ಹೋಗುವ ಹೊತ್ತಿನಲ್ಲಿ ಓದುವ ಪುರಸೊತ್ತು ಯಾರಿಗಿರುತ್ತದೆ ಹೇಳಿ. ಕಳೆದ ಐದು ವರ್ಷಗಳಲ್ಲಿ ಈ ಸರಹದ್ದಿನಲ್ಲಿ ಎಷ್ಟು ಜನ ಕೊಲೆಯಾದರು, ಎಷ್ಟು ಮನೆಗಳ ಕೀಲಿ ಮುರಿಯಿತು, ಎಷ್ಟು ಬೈಕು ಕಾಣೆಯಾದವು ಎಂಬುದೆಲ್ಲ ಅದರ ಮೇಲಿರುತ್ತದೆ. ಜನವರಿಯ ಮೊದಲ ವಾರ ಮೇಲಿನ ಅಧಿಕಾರಿಗಳು ತಪಾಸಣೆಗೆ ಬರುವ ಮುಂಚೆ ಹಲಗೆ ಹೊಸದಾಗಬೇಕು. ಹಳೆಯದೊಂದು ವರ್ಷ ಬಿಟ್ಟುಹೋಗಿ, ಮುಗಿದ ವರ್ಷ ಕೆಳಗೆ ಸೇರಬೇಕು. ಹದಿನಾಲ್ಕು ಜನವರಿಗಳಿಂದ ಈ ಕೆಲಸ ನಿಜಾಮಸಾಬರದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಜಾಮಸಾಬ ಎಂಬುದು ಇವರ ಖರೇ ಹೆಸರಲ್ಲ. ಇಲ್ಲಿ ಬರುವ ಯಾರ ಹೆಸರೂ ಖರೇ ಅಲ್ಲ. ಊರು ಯಾವುದೆಂದೂ ಹೇಳುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕಕ್ಕೂ ಬಸ್ಸು ಸಿಗುವ ಊರು ಎಂದಷ್ಟೇ ತಿಳಿದುಕೊಳ್ಳಿ. ಯಾರ ಕಣ್ಣಿಗೂ ಬೀಳದವರನ್ನು ಬೆಳಕಿಗೆ ತರುವುದು ಪತ್ರಿಕೆಯ ಈ ಪುಟದ ಕೆಲಸ. ಇವರೋ, "ಕೆಲಸದ ಬಗ್ಗೆ ಬೇಕಾದಷ್ಟು ಬರೀರಿ, ನನ್ನ ಮಾತ್ರ ಬೆಳಕಿಗೆ ತರಬ್ಯಾಡ್ರಿ" ಎಂದು ಕೈ ಮುಗಿದರು. ಅವರಿಗೆ ಅಂಜಿಕೆ ಇದೆ. ಕಾರಣ ಕೇಳಿದ ಮೇಲೆ ನನಗೂ ಬಂತು.

ನಿಜಾಮಸಾಬರಿಗೆ ಐವತ್ತೆರಡು ವರ್ಷ. ತಂದೆ ಲಾರಿ ಚಾಲಕರು. ಮಗ ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಕಿತ್ತೂರಿನ ಪೇಂಟರ್ ಒಬ್ಬರ ಕೈಕೆಳಗೆ ಬ್ರಶ್ ತೊಳೆಯುತ್ತ ಅಕ್ಷರ ಕಲಿತರು. ಈ ನಾಲ್ಕು ಊರುಗಳ ಸುತ್ತ ಅವರು ಬರೆದ ಕಿರಾಣಿ ಅಂಗಡಿಯ ಹಲಗೆಗಳೆಷ್ಟೋ, ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂಬದಿಯ ದೇವರ ಹೆಸರುಗಳೆಷ್ಟೋ. ಈಗ ಫ್ಲೆಕ್ಸ್ ಬಂದಿದೆ. ಬೆಳಗಾವಿಗೆ ಹೇಳಿದರೆ ಸಂಜೆಯೊಳಗೆ ಮಾಲೀಕರ ಫೋಟೊ ಸಮೇತ ಬೋರ್ಡು ಬಂದಿಳಿಯುತ್ತದೆ. "ಠಾಣೆದವರು ಇನ್ನೂ ಫ್ಲೆಕ್ಸಿಗೆ ಹೋಗಿಲ್ಲ. ಪ್ರತಿ ವರ್ಷ ಅಂಕಿ ಬದಲಾಗತಾವಲ್ರಿ, ಅದಕ್ಕ ನಾ ಉಳದೇನಿ" ಎಂದು ನಗುತ್ತಾರೆ.

ಅವರ ಚೀಲದಲ್ಲೊಂದು ನೂರು ಪುಟದ ನೋಟ್‌ಬುಕ್ ಇದೆ. ಹಲಗೆಗೆ ಕರಿ ಬಳಿಯುವ ಮುಂಚೆ ಅಂಕಿಗಳನ್ನು ಅದರಲ್ಲಿ ಇಳಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಮರುದಿನ ಬರೆಯುವುದಾದರೂ ಏನನ್ನು. ಹಾಗಾಗಿ ತೊಂಬತ್ತರಿಂದ ಈಚಿನ ಎಲ್ಲ ವರ್ಷಗಳೂ ಆ ನೋಟ್‌ಬುಕ್ಕಿನಲ್ಲಿವೆ. ತೊಂಬತ್ತರಲ್ಲಿ ಸಾಮಾನ್ಯ ಕಳವು ಹದಿನೇಳು, ಈಗ ನಲವತ್ತರ ಆಸುಪಾಸು. ರಾತ್ರಿ ಕನ್ನ ಏಳರಿಂದ ಹದಿನೆಂಟಕ್ಕೆ ಏರಿದೆ. ಕೊಲೆ ಮಾತ್ರ ಎರಡು, ಮೂರು, ಮತ್ತೆ ಎರಡು, ಒಮ್ಮೆ ಐದು, ಹೀಗೆ ಅಲ್ಲಲ್ಲೇ ಓಡಾಡಿದೆ.

"ಮೊದಲ ಸೈಕಲ್ಲು, ತಾಮ್ರದ ಕೊಡ ಹೋಗತಿದ್ದುವ್ರಿ. ಈಗ ಬೈಕು, ಹೊಲದಾಗಿನ ಮೋಟರು, ಕೇಬಲ್ಲು. ಮಳಿ ಕೈಕೊಟ್ಟ ವರ್ಷ ಕುರಿ ತುಡುಗು ಜಾಸ್ತಿ. ಕಬ್ಬಿನ ಬಿಲ್ಲು ಛಲೋ ಬಂದ ವರ್ಷ ಮನಿ ಕೀಲಿ ಮುರಿಯೂದು ಜಾಸ್ತಿ. ಸಾಹೇಬ್ರು ಎರಡು ವರ್ಷಕ್ಕೊಮ್ಮೆ ಬದಲಾಗತಾರ. ಇದು ನನಗ ಗೊತ್ತಿದ್ದಷ್ಟು ಅವರಿಗೂ ಗೊತ್ತಿಲ್ಲ."

ಗೊತ್ತಿರುವುದರ ತ್ರಾಸು ಮನೆಯಲ್ಲಿ ಕಾಣುತ್ತದೆ. ಅವರ ಮುಂಬಾಗಿಲಿಗೆ ಮೂರು ಚಿಲಕ, ಒಂದು ಕಬ್ಬಿಣದ ಅಗಳಿ. ಒಂದು ಚಿಲಕ ಮನೆ ಕಟ್ಟಿದಾಗಿನದು. ಎರಡನೆಯದು ರಾತ್ರಿ ಕನ್ನ ಮೊದಲ ಸಲ ಹತ್ತು ದಾಟಿದ ವರ್ಷದ್ದು. ಮೂರನೆಯದೂ ಅಗಳಿಯೂ ಸುಲಿಗೆಯ ಅಂಕಿ ದುಪ್ಪಟ್ಟಾದ ವರ್ಷ ಬಂದವು. ಪತ್ನಿ ಕಾಶಿಂಬಿ ಚಹಾ ಕೊಡುತ್ತ ಕಾಲೆಳೆಯುತ್ತಾರೆ: "ಹಲಗಿ ಬರದ ಬಂದ ದಿನಾ ಇವರಿಗೆ ನಿದ್ದಿ ಇಲ್ರಿ. ಎದ್ದೆದ್ದು ಬಾಗಲಾ ಜಗ್ಗಿ ನೋಡತಾರ. ತುಡುಗು ಮಾಡೂವಂಥಾದ್ದು ನಮ್ಮ ಮನ್ಯಾಗ ಏನೈತಿ, ಪೇಂಟಿನ ಡಬ್ಬಿ."

ಆದರೆ ಅಪಾಯವಿದ್ದದ್ದು ಬಾಗಿಲಾಚೆ ಅಲ್ಲ, ಪಕ್ಕದ ಮನೆಗೂ ಇವರ ಮನೆಗೂ ನಡುವಿರುವ ಒಂದೇ ಗೋಡೆಯ ಆಚೆ. ಆ ಮನೆಯವರು ಗೊಬ್ಬರದ ಅಂಗಡಿಯವರು, ಊರಲ್ಲಿ ನಾಲ್ಕು ಜನ ಮಾತು ಕೇಳುವಂಥವರು. ಐದು ವರ್ಷದ ಹಿಂದೆ ಸುರೇಬಾನದ ಕಡೆಯಿಂದ ಆ ಮನೆಗೆ ಸೊಸೆಯಾಗಿ ಬಂದವಳು ನಾಗರತ್ನಾ. ಮೊದಲ ವರ್ಷ ಗೋಡೆಯಾಚೆಯಿಂದ ರೇಡಿಯೋ ಕೇಳುತ್ತಿತ್ತಂತೆ. ಆಮೇಲೆ ಭಾಂಡೆ ಬಿಸಾಕಿದ ಸಪ್ಪಳ, ಬೈಗುಳ, ಆಮೇಲೆ ಅಳು. ಒಂದು ದಿನ ಹಿತ್ತಲ ಬಾಗಿಲಿಗೆ ಬಂದು, "ಚಾಚಿ, ಒಂದೀಟು ಅರಿಷಿಣ ಕೊಡ್ರಿ" ಎಂದಳಂತೆ. ಮುಂಗೈಯಿಂದ ಮೊಣಕೈಯ ಹಿಂಬದಿಯವರೆಗೆ ಬೊಬ್ಬೆ ಎದ್ದಿತ್ತು. ಬಿಸಿನೀರು ಚೆಲ್ಲಿತು ಎಂದಳು. ನೀರು ಮೊಣಕೈಯ ಹಿಂದೆ ಹೇಗೆ ಚೆಲ್ಲುತ್ತದೆ ಎಂದು ಕಾಶಿಂಬಿ ಕೇಳಲಿಲ್ಲ.

"ಕೇಳಾಕ ಧೈರ್ಯ ಬೇಕಲ್ರಿ" ಎನ್ನುತ್ತಾರೆ ಕಾಶಿಂಬಿ. ಈಗ ಅವರ ಮುಖದಲ್ಲಿ ನಗೆ ಇಲ್ಲ. "ನಾವು ಮುಸಲ್ಮಾನ ಮಂದಿ. ಅವರ ಮನಿ ವಿಷಯದಾಗ ಕೈ ಹಾಕಿದ್ರ ಅದು ಎಲ್ಲಿಂದ ಎಲ್ಲಿಗೆ ಹೋಗತೈತೋ ಏನೋ. ಓಣ್ಯಾಗ ಬಾಳೇ ಮಾಡಬೇಕಲ್ಲ."

ಹಲಗೆಯ ಕೊನೆಯ ಕಾಲಮಿನ ಹೆಸರು 'ಮಹಿಳಾ ದೌರ್ಜನ್ಯ'. ಅದು ತೊಂಬತ್ತಾರರ ಜನವರಿಯಲ್ಲಿ ಹೊಸದಾಗಿ ಸೇರಿತು. ಅಲ್ಲಿಂದ ಎಂಟು ವರ್ಷದ ಲೆಕ್ಕಕ್ಕೂ ಸೊನ್ನೆ. ಒಂದೊಂದು ವರ್ಷವೂ ಐದು ಸಲ ಹಲಗೆಯ ಮೇಲೆ ಬರುವುದರಿಂದ ಅಷ್ಟೂ ಸೊನ್ನೆಗಳನ್ನು ನಿಜಾಮಸಾಬ ಮತ್ತೆ ಮತ್ತೆ ತಿದ್ದಿದ್ದಾರೆ. ಕಳವು ಏರಿತು, ಕನ್ನ ಏರಿತು, ಆ ಕಾಲಮ್ಮು ಮಾತ್ರ ಕದಲಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ನೋಡಿ ಶಾಭಾಸ್ ಎಂದದ್ದೂ ಉಂಟು.

ಹೋದ ಜನವರಿಯಲ್ಲಿ ಒಂದು ತಪ್ಪಾಯಿತು. ಹಿಂದಿನ ರಾತ್ರಿ ಗೋಡೆಯಾಚೆ ಬಹಳ ಗದ್ದಲವಾಗಿ, ಒಮ್ಮೆಲೇ ಎಲ್ಲ ಸುಮ್ಮನಾಗಿತ್ತು. "ಆ ಸುಮ್ಮನಾದದ್ದಕ್ಕ ಹೆಚ್ಚಿಗಿ ಹೆದರಿದ್ನಿರಿ. ಬೆಳತನಕ ಗ್ವಾಡಿಗೆ ಕಿವಿ ಹಚ್ಚಿ ಕುಂತೆ. ನಸುಕಿನ್ಯಾಗ ಆಕಿ ಕೆಮ್ಮಿದ್ದು ಕೇಳಿಸ್ತು. ಜೀವ ಐತಿ ಅಂತ ಎದ್ದು ಇಲ್ಲಿಗೆ ಬಂದೆ." ಅದೇ ನಿದ್ದೆಗೆಟ್ಟ ಕಣ್ಣಲ್ಲಿ ಹಲಗೆ ಬರೆದರು. ಠಾಣೆಯವರು ಕೊಟ್ಟ ವರ್ಷದ ಅಂಕಿಗಳ ಚೀಟಿಯಲ್ಲಿ ಸೊನ್ನೆ ಇತ್ತು. ಹಲಗೆಯ ಮೇಲೆ ಅವರ ಬ್ರಶ್ಶು ಒಂದು ಎಂದು ಬರೆದಿತ್ತು.

ಅದನ್ನು ಕಂಡವರು ಸತ್ಯಪ್ಪ, ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್. "ಈ ಒಂದು ಯಾರದೋ ಮಾರಾಯಾ? ನನ್ನ ರಜಿಸ್ಟರದಾಗ ಇಲ್ಲಲ್ಲ" ಎಂದರು. ನಿಜಾಮಸಾಬರ ಬಾಯಿಂದ ಎಲ್ಲ ಹೊರಬಂತು. ಸತ್ಯಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಆಕಿ ಬಂದು ಹೇಳಿದ್ರ ಬರಕೋತೇನಿ. ನೀ ಹಲಗಿ ಮ್ಯಾಲ ಬರದ್ರ ಕೇಸ್ ಆಗೂದಿಲ್ಲ. ಅಳಸು ಅದನ್ನ" ಎಂದರು. ನಿಜಾಮಸಾಬ ಚಿಮಣಿ ಎಣ್ಣೆಯ ಅರಿವೆಯಿಂದ ಒರೆಸಿ ಸೊನ್ನೆ ಬರೆದರು. "ಆಕಿನ್ನ ನಾನ ಒರಿಸಿಧಂಗ ಆತ್ರಿ" ಎನ್ನುವಾಗ ಅವರ ದನಿ ಇಳಿಯುತ್ತದೆ.

ನಾಗರತ್ನಾಳಿಗೆ ಧೈರ್ಯ ತುಂಬಲು ಹತ್ತು ತಿಂಗಳು ಹಿಡಿಯಿತು. ಹಿತ್ತಲಲ್ಲಿ ಅರಿವೆ ಒಣಹಾಕುವ ನೆಪದಲ್ಲಿ ಕಾಶಿಂಬಿ ದಿನಕ್ಕೊಂದು ಮಾತು ಆಡುತ್ತಿದ್ದರು. ನವೆಂಬರಿನ ಒಂದು ಮಧ್ಯಾಹ್ನ, ಗಂಡ ಬೆಳಗಾವಿಗೆ ಹೋದ ದಿನ, ಇಬ್ಬರೂ ಠಾಣೆಗೆ ಹೋದರು. ನಾಗರತ್ನಾ ತನ್ನ ಕೈಯಾರೆ ಎರಡು ಪುಟ ಬರೆದುಕೊಟ್ಟಳು. ಕಾಗದ ತೆಗೆದುಕೊಂಡರು, ಕೇಸಿನ ನಂಬರು ಕೊಡಲಿಲ್ಲ. ಅವತ್ತೇ ತಂದೆ ಬಂದು ಮಗಳನ್ನು ಕರೆದೊಯ್ದರು. ಆಮೇಲೆ ಶುರುವಾಯಿತು ರಾಜಿಯ ಮಾತು. ಹೊಂದಿಕೊಂಡು ಹೋಗವ್ವಾ ಎಂದರು ಹಿರಿಯರು, ನೋಡೋಣ ಎಂದಿತು ಠಾಣೆ. ನಿಜಾಮಸಾಬ ಎರಡು ಸಲ ಸತ್ಯಪ್ಪನವರನ್ನು ಕೇಳಿದರು. ಎರಡೂ ಸಲ, "ಸಾಹೇಬ್ರ ಟೇಬಲ್ ಮ್ಯಾಲ ಐತಿ" ಎಂಬ ಉತ್ತರ.

ನಾಳೆ ಗಂಡನ ಮನೆಯ ಹಿರಿಯರು ಜೀಪು ಮಾಡಿಕೊಂಡು ಆಕೆಯನ್ನು ಕರೆತರಲು ಹೋಗುತ್ತಿದ್ದಾರೆ. ಆಕೆಯ ತಂದೆ ಒಕ್ಕಲುತನ ಮಾಡುವವರು, ಮಾತಿಗೆ ಅಂಜುವ ಮನುಷ್ಯ. ಮೊನ್ನೆ ಫೋನಿನಲ್ಲಿ ನಿಜಾಮಸಾಬರಿಗೆ ಹೇಳಿದ್ದಿಷ್ಟು: "ಕೇಸ್ ಆಗೇತಿ ಅಂದ್ರ ಕಳಸೂದಿಲ್ಲ. ಆಗಿಲ್ಲಂದ್ರ ಹಿರ್ಯಾರ ಮುಂದ ಯಾವ ಮಾರಿ ಇಟಗೊಂಡು ಬ್ಯಾಡ ಅನ್ನಲಿ?" ಕೇಸು ಆಯಿತೋ ಇಲ್ಲವೋ ಎಂಬುದು ತಿಳಿಯುವುದು ಇವತ್ತು ಬರುವ ಚೀಟಿಯಿಂದ. ಆಗಿದ್ದರೆ ಕೊನೆಯ ಕಾಲಮಿನಲ್ಲಿ ಒಂದು ಇರಬೇಕು. ಸೊನ್ನೆ ಇದ್ದರೆ ಆ ಎರಡು ಪುಟ ಎಲ್ಲೋ ಕಡತದ ಕೆಳಗೆ ಸೇರಿದವು, ನಾಳೆ ಜೀಪಿನಲ್ಲಿ ಆಕೆ ಈ ಗೋಡೆಯಾಚೆಗೆ ವಾಪಸ್ಸು. "ಈ ಸಲ ಬಂದ್ರ ಗಂಡ ಆಕಿನ್ನ ಬಿಡೂದಿಲ್ರಿ. ಠಾಣೆ ಮೆಟ್ಟಲಾ ಹತ್ತ್ಯಾಳಂತ ಸಿಟ್ಟು ಐತಿ" ಎನ್ನುತ್ತಾರೆ ನಿಜಾಮಸಾಬ.

ಏಳು ಗಂಟೆಯ ಹೊತ್ತಿಗೆ ನಾಲ್ಕು ಹಳೆಯ ಸಾಲುಗಳು ಮುಗಿಯುತ್ತವೆ. ಕೊನೆಯ ಕಾಲಮಿನಲ್ಲಿ ನಾಲ್ಕೂ ಸೊನ್ನೆ. ಐದನೆಯ ಸಾಲಿನಲ್ಲಿ ಇಸವಿ ಮಾತ್ರ ಬರೆದು ಕೆಳಗಿಳಿದು ಕೂರುತ್ತಾರೆ. ಪೇದೆ ಚಹಾ ಕೊಟ್ಟರೆ ಬೇಡವೆನ್ನುತ್ತಾರೆ. ಅಂಗಳದಲ್ಲಿ ಸೈಕಲ್ಲಿನ ಸಪ್ಪಳವಾದಾಗಲೆಲ್ಲ ಕತ್ತು ತಿರುಗುತ್ತದೆ.

ಸತ್ಯಪ್ಪ ಒಳಗೆ ಬರುತ್ತಾರೆ, ಕಪಾಟು ತೆರೆಯುತ್ತಾರೆ, ನಾಲ್ಕು ಮಡಿಕೆಯ ಚೀಟಿಯೊಂದನ್ನು ತಂದು ಚಾಚುತ್ತಾರೆ. ನಿಜಾಮಸಾಬ ಕೈ ಒರೆಸಿಕೊಳ್ಳುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಬಿಚ್ಚಿದ ಮೇಲೂ ಕೊನೆಗೆ ಹೋಗದೆ ಮೊದಲಿನಿಂದ ಬೆರಳಿಟ್ಟು ಓದುತ್ತಾರೆ. ಕೊಲೆ ನಾಲ್ಕು. ಸುಲಿಗೆ ಐದು. ಹಗಲು ಕನ್ನ ಏಳು. ರಾತ್ರಿ ಕನ್ನ ಹತ್ತೊಂಬತ್ತು. ಕಳವು ನಲವತ್ತೊಂದು. ದೊಂಬಿ ಎರಡು. ಬೆರಳು ಕೊನೆಯ ಅಂಕಿಗೆ ಬಂದು ನಿಲ್ಲುತ್ತದೆ.

"ಸಾಹೇಬ್ರ, ಇಲ್ಲಿ ಒಂದು ಐತ್ರಿ."

"ಐತಿ. ಡಿಸೆಂಬರ್ ಇಪ್ಪತ್ತೊಂಬತ್ತಕ್ಕ ದಾಖಲ್ ಆತು."

"ತಪ್ಪಿ ಬರದಿಲ್ಲಲ್ರಿ?"

"ತಪ್ಪಿ ಬರಿಯಾಂವ ನೀ, ನಾ ಅಲ್ಲ" ಎನ್ನುತ್ತಾರೆ ಸತ್ಯಪ್ಪ. ನಂತರ ದನಿ ತಗ್ಗಿಸಿ, "ಹೋದ ತಿಂಗಳ ಬಂದ ಹೊಸಾ ಸಾಹೇಬ್ರು ಕಾಗದ ಓದಿದ್ರು. ಬರಕೋ ಅಂದ್ರು. ಇವತ್ತ ಮಧ್ಯಾಹ್ನ ಅವರ ಮನಿಗೆ ಹೊಂಟೇವಿ. ನೀ ಲಗೂನ ಮುಗಸಿ ಮನಿಗೆ ಹೋಗು."

ನಿಜಾಮಸಾಬ ಸ್ಟೂಲಿನ ಮೇಲೆ ಕೂರುತ್ತಾರೆ. ಮೊದಲು ಕೊನೆಯ ಕಾಲಮಿನಲ್ಲಿ ಒಂದು ಎಂದು ಬರೆಯುತ್ತಾರೆ. ತೆಳುವಾಯಿತೆಂದು ಮೇಲೆ ಇನ್ನೊಂದು ಸಲ ತಿದ್ದುತ್ತಾರೆ. ಅಷ್ಟಾದ ಮೇಲೆಯೇ ಕೆಂಪು ಡಬ್ಬಿ ತೆರೆದು ಆ ಸಾಲಿನ ಕೊಲೆ ನಾಲ್ಕು ಎಂದು ತುಂಬುತ್ತಾರೆ.

ಬಸ್ ನಿಲ್ದಾಣದ ಎಸ್‌ಟಿಡಿ ಅಂಗಡಿಯಿಂದ ಅವರು ಸುರೇಬಾನದ ಕಡೆ ಫೋನು ಹಚ್ಚುತ್ತಾರೆ. "ಕೇಸ್ ಆಗೇತ್ರಿ. ನನ್ನ ಕೈಲೆ ಬರದ ಬಂದೇನಿ. ಕಳಸಬ್ಯಾಡ್ರಿ" ಎಂದಷ್ಟೇ ಹೇಳಿ ಇಡುತ್ತಾರೆ. ಹೊರಗೆ ಬಂದವರು ಎಡಕ್ಕೆ ಬಲಕ್ಕೆ ನೋಡುತ್ತಾರೆ. ಮಧ್ಯಾಹ್ನ ಪಕ್ಕದ ಮನೆಗೆ ಪೊಲೀಸರು ಹೋಗುತ್ತಾರೆ. ಕಾಗದ ಬರೆಸಿದವರು ಯಾರು ಎಂದು ಆ ಮನೆಯವರಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇವರು ಇವತ್ತು ರಾತ್ರಿಯೂ ಅದೇ ಗೋಡೆಯ ಪಕ್ಕ ಮಲಗಬೇಕು.

ಅಂಜಿಕೆ ಇಲ್ಲವೇ ಎಂದು ಕೇಳುತ್ತೇನೆ.

"ಐತ್ರಿ, ಯಾಕ ಸುಳ್ಳ ಹೇಳಲಿ. ಕಾಶಿಂಬಿನ್ನ ನಾಕ ದಿನಾ ಸವದತ್ತಿಗೆ ಅವರ ಅಕ್ಕನ ಮನಿಗೆ ಕಳಸಬೇಕಂತ ಮಾಡೇನಿ. ಆಕಿ ಹೋಗೂದಿಲ್ಲ ಅಂತಾಳ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ. "ಹದಿನಾಕು ವರ್ಷದಾಗ ಅಂಕಿ ಏರಿದ್ದಕ್ಕ ನನಗ ಖುಷಿ ಆದದ್ದು ಇವತ್ತ ಮೊದಲ. ಮತ್ತೇನೂ ಕೇಳೂದಿಲ್ರಿ ನಾ. ಬರೂ ಜನವರ್ಯಾಗ ಕೊಲಿ ಕಾಲಮಿನ್ಯಾಗ ಎಷ್ಟರ ಬರಸಲಿ, ಅದರಾಗ ಆಕಿ ಇರಬಾರದು. ಆ ಒಂದು ಅಂಕಿ ನನ್ನ ಕೈಲೆ ಬರಿಯಾಕ ಆಗೂದಿಲ್ಲ."