ಕೊನೆಯದಾಗಿ ಕುಂಕುಮ ಇಟ್ಟ ಯಂತ್ರ

ಗೌರಸಮುದ್ರದ ಮಾರಮ್ಮನನ್ನು ನಂಬಿದ ಎಲ್ಲರಿಗೂ ನಮಸ್ಕಾರ. ಹೋದ ವರ್ಷ ದಸರಾದಲ್ಲಿ ನನ್ನ ತಪ್ಪಿನಿಂದ ಒಬ್ಬ ಹಿರಿಯರಿಗೆ ತುಂಬಲಾಗದ ನಷ್ಟ ಆಗುವುದರಲ್ಲಿತ್ತು. ಏನನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆಯವಳು. ದಿನಾ ಬಸ್ಸಿನಲ್ಲಿ ಮೊಳಕಾಲ್ಮುರಿಗೆ ಹೋಗಿ, ಅಲ್ಲಿನ ರೇಷ್ಮೆ ನೇಕಾರರ ಸಂಘವೊಂದರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಸೀರೆಯ ನಕ್ಷೆಗಳನ್ನು ಕಾಪಾಡಲು, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ಓಪನ್ ಸೋರ್ಸ್ ತಂತ್ರಾಂಶ ಹಾಕಿ, ಮೂರು ಹಳೆಯ ಕಂಪ್ಯೂಟರುಗಳನ್ನು ಜೋಡಿಸಿ, ಸಂಘಕ್ಕೆ ಸ್ವಂತ ಕ್ಲೌಡ್ ಕಟ್ಟಿದ್ದೆ. ಒಂದು ಕೆಟ್ಟರೆ ಉಳಿದೆರಡು ನಡೆಸಿಕೊಂಡು ಹೋಗುತ್ತವೆ. ವಾರಕ್ಕೊಮ್ಮೆ ಒಂದು ಪ್ರತಿ ಹೊರಗಿನ ಬಾಡಿಗೆ ಕ್ಲೌಡಿಗೂ ಹೋಗುತ್ತಿತ್ತು. ನನಗೆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು.

ಆಯುಧಪೂಜೆಯ ಬೆಳಿಗ್ಗೆ ನಮ್ಮ ಸಂಘದ ಹಿರಿಯ ಸದಸ್ಯೆ ಲಕ್ಷ್ಮಕ್ಕನ ತೀರಿಹೋದ ಯಜಮಾನರು ಬರೆದಿದ್ದ ನಕ್ಷೆಗಳನ್ನು ಸ್ಕ್ಯಾನ್ ಮಾಡಿದೆ. ಗೆದ್ದಲು ತಿಂದ ಹಾಳೆಗಳು, ಮುಟ್ಟಿದರೆ ಉದುರುತ್ತಿದ್ದವು. "ಇನ್ನ ಇವು ಎಲ್ಲೂ ಹೋಗಲ್ಲ ಬಿಡ್ರಿ ಅಕ್ಕಾ" ಅಂದೆ. ಪೂಜೆಗೆ ಇಟ್ಟ ಆಯುಧ ಅವತ್ತು ದುಡಿಯಬಾರದು ಎಂಬುದು ನೇಕಾರರ ಪದ್ಧತಿ. ಮಗ್ಗಗಳು ನಿಂತವು. ನಾನೂ, ಹೊಸ ನಕ್ಷೆಗಳು ಮೂರೂ ಯಂತ್ರಗಳಿಗೆ ಹಂಚಿಕೆಯಾದವೋ ಇಲ್ಲವೋ ನೋಡದೆ, ಒಂದೊಂದಾಗಿ ಮೂರರ ಸ್ವಿಚ್ಚನ್ನೂ ಆರಿಸಿದೆ. ಲಕ್ಷ್ಮಕ್ಕನೇ ಕುಂಕುಮ ಇಟ್ಟರು. ಸಂಜೆ ಆಕೆ, ಯಜಮಾನರ ಕೈಬರಹ ಕಸಕ್ಕೆ ಬೀಳಬಾರದೆಂದು, ನನ್ನ ಮಾತು ನಂಬಿ ಆ ಹಾಳೆಗಳನ್ನು ಕೆರೆಗೆ ಬಿಟ್ಟುಬಂದರು.

ವಿಜಯದಶಮಿ ಕಳೆದು ಯಂತ್ರ ಹಾಕಿದರೆ ಮೂರೂ ಒಂದಕ್ಕೊಂದು ಕಾಯುತ್ತ ನಿಂತುಬಿಟ್ಟವು, ಯಾವ ಕಡತವೂ ತೆರೆಯಲಿಲ್ಲ. ಹೊರಗಿನ ಕ್ಲೌಡಿಗೆ ಆ ವಾರದ ಪ್ರತಿ ಇನ್ನೂ ಹೋಗಿರಲಿಲ್ಲ. ಆ ತಂತ್ರಾಂಶ ಬಳಸುವವರ ವೇದಿಕೆಯಲ್ಲಿ ಸಹಾಯ ಕೇಳಿದೆ. ಯಾರೋ ಪುಣ್ಯಾತ್ಮರು ಉತ್ತರ ಬರೆದರು: ಕೊನೆಗೆ ಆರಿಸಿದ ಯಂತ್ರದಲ್ಲೇ ಹೊಸ ಪ್ರತಿ ಇರುತ್ತದೆ, ಅದನ್ನೇ ಮೊದಲು ಎಬ್ಬಿಸಿ; ಬೇರೆಯದನ್ನು ಎಬ್ಬಿಸಿದರೆ ಅದರ ಹಳೆಯ ಪ್ರತಿಯೇ ಉಳಿದವಕ್ಕೂ ಹರಡಿ, ಹೊಸದು ಅಳಿಸಿಹೋಗುತ್ತದೆ. ಕೊನೆಗೆ ಆರಿಸಿದ್ದು ಯಾವುದು? ಪ್ರಸಾದ ಹಂಚುವ ಗಡಿಬಿಡಿಯಲ್ಲಿ ನನಗೆ ನೆನಪೇ ಉಳಿದಿರಲಿಲ್ಲ. ಹಳೆಯ ಯಂತ್ರಗಳ ಗಡಿಯಾರವೂ ತಪ್ಪು ತೋರಿಸುತ್ತಿದ್ದುದರಿಂದ ಆರಿಸಿದ ಹೊತ್ತೂ ತಿಳಿಯುವಂತಿರಲಿಲ್ಲ.

ಮರುದಿನ ಬಸ್ಸು ತಳಕು ದಾಟುವಾಗ ಗೌರಸಮುದ್ರದ ದಿಕ್ಕಿಗೆ ಕೈಮುಗಿದು ಅತ್ತೆ. "ಅಮ್ಮಾ, ನನ್ನ ಬುದ್ಧಿ ಮುಗೀತು. ಆಕೆಗೆ ಮುಖ ಹೆಂಗೆ ತೋರಿಸ್ಲಿ?" ಪಕ್ಕದವರು ನೋಡುತ್ತಿದ್ದರೂ ನಾಚಿಕೆಯಾಗಲಿಲ್ಲ.

ಆಫೀಸಿನ ಬಾಗಿಲಲ್ಲೇ ಲಕ್ಷ್ಮಕ್ಕ ಕೂತಿದ್ದರು. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿ ಕಾಲು ಹಿಡಿಯಲು ಬಗ್ಗಿದೆ.

"ಏಳು ತಲ್ಲೀ. ಯಾವುದು ಕೊನೇಲಿ ಆರಿಸಿದ್ದು ಅಂತ ತಾನೆ? ನೀನು ಒಂದೊಂದು ಆರಿಸ್ದಂಗೆ ನಾನು ಕುಂಕುಮ ಇಡ್ತಾ ಬಂದೆ. ಬಾಗಿಲ ಕಡೇದಾದ್ಮ್ಯಾಲೆ ನಡುವಿಂದಕ್ಕೆ ಕೈ ಹಾಕಿದ್ರೆ, 'ತಡೀರಿ ಅಕ್ಕಾ, ಇದು ಇನ್ನಾ ಕೆಲ್ಸ ಮಾಡ್ತೈತೆ' ಅಂದೆ. ಅದ್ನ ಬಿಟ್ಟು ಗ್ವಾಡೆ ಕಡೆದಕ್ಕೆ ಮೊದ್ಲು ಇಟ್ಟೆ. ನಡುವಿಂದೇ ಕೊನೇದು."

ನನ್ನ ಊಹೆಗೆ ಬಿಟ್ಟಿದ್ದರೆ ಗೋಡೆ ಪಕ್ಕದ್ದನ್ನೇ ಎಬ್ಬಿಸುತ್ತಿದ್ದೆ! ನಡುವಿನದನ್ನು ಎಬ್ಬಿಸಿದೆ. ಅದರ ಹಿಂದೆ ಉಳಿದೆರಡೂ ಎದ್ದವು. ನಕ್ಷೆಗಳೆಲ್ಲ ಬಂದವು.

ಯಾರ ಮುಖ ನೋಡಲು ಹೆದರಿದ್ದೆನೋ ಅವರ ಬಾಯಿಂದಲೇ ಅಮ್ಮ ನನಗೆ ಉತ್ತರ ಕೊಡಿಸಿದಳು. ಇದು ಅವಳದೇ ಕೃಪೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಸಾಯುವವರೆಗೂ ಅವಳ ಋಣ ನನ್ನ ಮೇಲಿದೆ.

ಅವತ್ತು ಲಕ್ಷ್ಮಕ್ಕ ಪರದೆಯ ಮೇಲೆ ತೆರೆದಿದ್ದ ನಕ್ಷೆಯ ಗಿಳಿಯನ್ನು ಬೆರಳಿನಿಂದ ಸವರಿದರು. "ಇದರ ಬಾಲ ಉದ್ದ ಆತು ಅಂತ ಅವ್ರ ಜೊತೆ ಮೂರು ದಿನ ಮಾತು ಬಿಟ್ಟಿದ್ದೆ" ಎಂದು ನಕ್ಕರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಸರಿಯಾಗೇ ಐತೆ" ಅಂದರು.